ಪದಚರ್ಚೆ: ಭೂತಾನದ ‘ಅತಿ ದೊಡ್ಡ ನಗರಗಳು’, ನಗರಾನಾ, ಪಟ್ಟಣಾನಾ, ಪೇಟೇನಾ?

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ನೀವೆಲ್ಲ ಬರೆಯೋದನ್ನ ಸುಮ್ನೆ ಓದ್ಕೊಂಡಿದ್ದೆ, ಇವತ್ತು ನಾನೇ ಒಂದು ಪದಕ್ಕೆ ಸಿಕ್ಕಾಕ್ಕೊಂಡಿದೀನಿ. ಸ್ವಲ್ಪ ಉದ್ದ ಆದ್ರೆ ಬೈಕೋಬೇಡಿ.

ನಾನು ಮಂಡ್ಯದಲ್ಲಿ ಡಿಟಿಪಿ ಮಾಡೋನು. ಲಗ್ನಪತ್ರಿಕೆ, ತಿಥಿ ಕಾರ್ಡು, ಸೊಸೈಟಿ ಎಲೆಕ್ಷನ್ ಹ್ಯಾಂಡ್‌ಬಿಲ್ಲು, ಇಂಥವೇ ಜಾಸ್ತಿ. ಹೋದ ವಾರ ಒಬ್ಬ ಟ್ಯೂಷನ್ ಮೇಷ್ಟ್ರು ನಮ್ಮ ನೆರೆ ದೇಶಗಳ ಮೇಲೆ ಮಕ್ಕಳಿಗೆ ಒಂದು ಕ್ವಿಜ್ ಪುಸ್ತಕ ಅಂತ ಕೈಬರಹದಲ್ಲಿ ತಂದ್ಕೊಟ್ರು, ಮೂವತ್ತೆರಡು ಪೇಜು. ಟೈಪ್ ಮಾಡ್ತಾ ಮಾಡ್ತಾ ಭೂತಾನಕ್ಕೆ ಬಂದಾಗ ಒಂದು ಪ್ರಶ್ನೆ: ‘ಭೂತಾನದ ಅತಿ ದೊಡ್ಡ ನಗರಗಳು ಯಾವುವು?’ ಉತ್ತರ: ಥಿಂಫು, ಫುಂಟ್‌ಶೋಲಿಂಗ್, ಪಾರೋ, ಗೆಲೆಫು. ನಾನು ಏನೂ ಯೋಚನೆ ಮಾಡ್ದೆ ಹೊಡ್ಕೊಂಡು ಹೋಗ್ತಿದ್ದೆ. ಪ್ರೂಫ್ ಓದ್ತಿದ್ದ ನಮ್ಮ ಹುಡುಗ ಮಳವಳ್ಳಿ ಕಡೆಯೋನು, ಮೊಬೈಲಲ್ಲಿ ಏನೋ ನೋಡ್ಬಿಟ್ಟು ನಗೋಕೆ ಶುರು ಮಾಡ್ದ. ‘ಅಣ್ಣ, ಇವ್ರ ಎರಡನೇ ಅತಿ ದೊಡ್ಡ ನಗರಕ್ಕಿಂತ ನಮ್ ಮಳವಳ್ಳೀನೇ ದೊಡ್ದು ಕಣಣ್ಣ, ನಮ್ದು ಹೆಸ್ರಲ್ಲೇ ಹಳ್ಳಿ ಐತೆ!’

ನೋಡಿದ್ರೆ ಅವ್ನು ಹೇಳಿದ್ದು ಸುಳ್ಳಲ್ಲ. ಭೂತಾನದ 2017ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಜನ 7,27,145. ನಮ್ಮ ಮೈಸೂರು ಸಿಟಿ ಒಂದೇ 2011ರಲ್ಲೇ ಸುಮಾರು 9 ಲಕ್ಷ ಇತ್ತು, ಮಂಡ್ಯ ಜಿಲ್ಲೆ 18 ಲಕ್ಷ. ಅವರ ರಾಜಧಾನಿ ಥಿಂಫು 1,14,551, ಅಂದ್ರೆ ಮಂಡ್ಯ ಟೌನಿಗಿಂತ ಚೂರು ಕಮ್ಮಿ. ಎರಡನೇದು ಫುಂಟ್‌ಶೋಲಿಂಗ್ 27,658, ಮಳವಳ್ಳಿ 35 ಸಾವಿರ ಯಾವತ್ತೋ ದಾಟಿದೆ. ಮೂರನೇದು ಪಾರೋ, ಏರ್‌ಪೋರ್ಟ್ ಇರೋ ಊರು, ಹನ್ನೊಂದು ಸಾವಿರ ಚಿಲ್ಲರೆ. ಗೆಲೆಫು ಹತ್ತು ಸಾವಿರಕ್ಕೂ ಒಳಗೆ. ಸಣ್ಣ ದೇಶ, ಬೆಟ್ಟಗುಡ್ಡದ ದೇಶ, ಜನ ಕಮ್ಮಿ, ಅದ್ರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಇರೋದು ದೇಶದ ಮೇಲಲ್ಲ, ‘ಅತಿ ದೊಡ್ಡ ನಗರಗಳು’ ಅನ್ನೋ ಮೂರು ಪದದ ಮೇಲೆ.

ಮೊದಲು ‘ಅತಿ’. ನಾವು ಮಾತಾಡುವಾಗ ಅತಿ ಅಂದ್ರೆ ಮಿತಿ ಮೀರಿದ್ದು ತಾನೆ, ಅತಿಯಾಸೆ, ಅತಿಯಾಯ್ತು, ಯಾಕೋ ಅತಿ ಆಡ್ತಾವ್ನೆ. ನನಗೆ ‘ಅತಿ ದೊಡ್ಡ’ ಅಂತ ಓದಿದ್ರೆ ಸೈಜು ತಪ್ಪಿ ಹೊಲಿಸ್ಕೊಂಡ ಅಂಗಿ ನೆನಪಾಗುತ್ತೆ. ಪಠ್ಯಪುಸ್ತಕದಲ್ಲಿ ಮಾತ್ರ ಅದಕ್ಕೆ ‘ಎಲ್ಲಕ್ಕಿಂತ’ ಅನ್ನೋ ಅರ್ಥ ಬಂದ್ಬಿಟ್ಟಿದೆ. ಇರ್ಲಿ, ‘ಎಲ್ಲಕ್ಕಿಂತ ದೊಡ್ಡ’ ಅನ್ನೋಣ ಅಂದ್ರೆ ಅದು ಒಂದೇ ಇರೋಕೆ ಸಾಧ್ಯ, ನಾಕು ಊರು ಹೆಂಗೆ ಎಲ್ಲಕ್ಕಿಂತ ದೊಡ್ಡವಾಗ್ತವೆ? ಕನ್ನಡದಲ್ಲಿ ಇದಕ್ಕೆ ಸರಿಯಾದ ದಾರಿ ಜೋಡಿ ಪದ, ‘ದೊಡ್ಡ ದೊಡ್ಡ ಊರುಗಳು’. ನಮ್ಮಜ್ಜಿ ಹಂಗೇ ಅಂತಿದ್ರು. ಆದ್ರೆ ದೊಡ್ಡ ದೊಡ್ಡ ಅಂದ ತಕ್ಷಣ ಅಂಥವು ಬೇಕಾದಷ್ಟಿವೆ ಅನ್ನೋ ಭಾವ ಬರುತ್ತೆ, ಥಿಂಫು ಒಂದು ಬಿಟ್ರೆ ಲಕ್ಷ ದಾಟಿದ ಊರೇ ಇಲ್ಲದ ದೇಶಕ್ಕೆ ಅದೂ ಸುಳ್ಳಾಗುತ್ತೆ.

ಇನ್ನು ‘ನಗರ’, ಅಸಲಿ ಗಲಾಟೆ ಇಲ್ಲೇ. ಸರ್ಕಾರದ ಲೆಕ್ಕ ಹಿಡ್ಕೊಂಡು ಹೋದ್ರೆ ತಮಾಷೆ ಆಗುತ್ತೆ. ನಮ್ಮ 1964ರ ಪುರಸಭೆ ಕಾಯ್ದೆ ಪ್ರಕಾರ 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, ಅಲ್ಲಿಂದ 50 ಸಾವಿರದವರೆಗೆ ಪುರಸಭೆ, ಆಮೇಲೆ 3 ಲಕ್ಷದವರೆಗೆ ನಗರಸಭೆ, ಅದು ದಾಟಿದ್ರೆ ಮಹಾನಗರ ಪಾಲಿಕೆ. ಬರೀ ತಲೆ ಎಣಿಸಲ್ಲ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡೋರು ಎಷ್ಟು, ಆದಾಯ ಎಷ್ಟು ಅಂತೆಲ್ಲ ನೋಡ್ತಾರೆ, ಆದ್ರೂ ಮೊದ್ಲು ತಲೇನೇ. ಈ ಅಳತೆ ಪಟ್ಟಿ ತಗೊಂಡು ಭೂತಾನದ ಮೇಲಿಟ್ರೆ ಥಿಂಫುಗೆ ಮಂಡ್ಯದ ಥರ ನಗರಸಭೆ, ಫುಂಟ್‌ಶೋಲಿಂಗ್‌ಗೆ ಪುರಸಭೆ, ಪಾರೋಗೆ ಪಟ್ಟಣ ಪಂಚಾಯಿತಿ, ಗೆಲೆಫುಗೆ ಪಾಪ ಗ್ರಾಮ ಪಂಚಾಯಿತಿ. ಅದೇ ಗೆಲೆಫುನಲ್ಲಿ ಈಗ ಅಲ್ಲಿನ ರಾಜರು ಹೊಸದೊಂದು ಭಾರಿ ಸಿಟಿ ಕಟ್ತೀವಿ ಅಂತ 2023ರ ಡಿಸೆಂಬರಲ್ಲಿ ಘೋಷಣೆ ಮಾಡಿದಾರೆ, ಹೆಸರಲ್ಲೇ ‘ಸಿಟಿ’ ಇದೆ, ‘ಗೆಲೆಫು ಮೈಂಡ್‌ಫುಲ್‌ನೆಸ್ ಸಿಟಿ’ ಅಂತ. ಊರು ಬೆಳೆಯೋಕೆ ಮುಂಚೆ ಹೆಸರು ಬೆಳೀತು.

ಆದ್ರೆ ಜನ ಯಾವತ್ತು ಕಾಯ್ದೆ ನೋಡಿ ಹೆಸರಿಟ್ರು? ನಮ್ಮ ಸುತ್ತಮುತ್ತ ನೋಡಿ. ಕೆ.ಆರ್.ನಗರ ಇದೆ, ಕೆ.ಆರ್.ಪೇಟೆ ಇದೆ, ಎರಡರಲ್ಲೂ ಕೃಷ್ಣರಾಜ ಅನ್ನೋ ಹೆಸರೇ, ಒಂದು ನಗರ ಆಯ್ತು ಇನ್ನೊಂದು ಪೇಟೆ ಆಯ್ತು, ಸೈಜಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ. ಪೇಟೆಗೆ ಮೊದಲು ಅತ್ತಿಗುಪ್ಪೆ ಅಂತಿದ್ರು. ಪಾಂಡವಪುರದಲ್ಲಿ ಪುರ, ಹೆಗ್ಗಡದೇವನಕೋಟೆಯಲ್ಲಿ ಕೋಟೆ, ಮಳವಳ್ಳೀಲಿ ಹಳ್ಳಿ, ಶ್ರೀರಂಗಪಟ್ಣ ಪಿರಿಯಾಪಟ್ಣದಲ್ಲಿ ಪಟ್ಣ. ಇವೆಲ್ಲಕ್ಕಿಂತ ದೊಡ್ಡ ಮೈಸೂರು ಮಾತ್ರ ತಣ್ಣಗೆ ‘ಊರು’ ಅಂತಲೇ ಇದೆ, ಪಾಲಿಕೆ ಬೋರ್ಡಲ್ಲಿ ಮಹಾನಗರ. ನಗರ ಅನ್ನೋ ಪದದ ಮರ್ಯಾದೆ ಅಂತೂ ಲೇಔಟ್‌ಗಳು ಬಂದಮೇಲೆ ಹೋಯ್ತು. ಮಂಡ್ಯದಲ್ಲೇ ವಿದ್ಯಾನಗರ, ಅಶೋಕನಗರ, ಸುಭಾಷ್‌ನಗರ, ನಾಕು ರಸ್ತೆ ಒಂದು ಪಾರ್ಕು ಇದ್ರೆ ಅದೂ ನಗರ. ಮೈಸೂರಲ್ಲಿ ಕುವೆಂಪುನಗರದಲ್ಲಿರೋ ನಮ್ಮ ಚಿಕ್ಕಪ್ಪ ‘ಸಿಟಿಗೆ ಹೋಗಿಬರ್ತೀನಿ’ ಅಂತಾರೆ, ದೇವರಾಜ ಮಾರ್ಕೆಟ್ ಕಡೆ ಹೋಗ್ತಾರೆ. ಇರೋದು ನಗರದಲ್ಲಿ, ಹೋಗೋದು ಸಿಟಿಗೆ!

ಹಂಗಾದ್ರೆ ‘ಪಟ್ಟಣ’ ಅಂತ ಹಾಕೋಣ ಅಂದ್ಕೊಂಡೆ. ಅದು ಹಳೇ ಪದ, ಗಟ್ಟಿ ಪದ. ಹಳಗನ್ನಡ ಶಾಸನಗಳಲ್ಲಿ ಪಟ್ಟಣಸ್ವಾಮಿ ಅಂತ ಬರ್ತಾರಲ್ಲ, ವ್ಯಾಪಾರದ ಊರಿನ ಯಜಮಾನ, ಉತ್ತರ ಕರ್ನಾಟಕದ ಪಟ್ಟಣಶೆಟ್ಟಿ ಅನ್ನೋ ಮನೆತನದ ಹೆಸರು ಕೇಳಿದಾಗಲೂ ಇದೇ ನೆನಪಾಗುತ್ತೆ. ಅಯ್ಯಾವೊಳೆ ಐನೂರ್ವರು ಅನ್ನೋ ಹಳೇ ವರ್ತಕರ ಸಂಘದ ಶಾಸನಗಳಲ್ಲಿ ‘ಗ್ರಾಮ ನಗರ ಖೇಡ ಖರ್ವಡ ಮಡಂಬ ದ್ರೋಣಾಮುಖ ಪತ್ತನ’ ಅಂತ ಒಂದೇ ಉಸುರಿಗೆ ಏಳು ಥರದ ಊರು ಎಣಿಸ್ತಾರೆ. ಸಾವಿರ ವರ್ಷದ ಹಿಂದಿನ ವರ್ತಕರಿಗೆ ಏಳು ಪದ ಇತ್ತು, ನಮಗೆ ಎರಡಕ್ಕೇ ಒದ್ದಾಟ. ಆದ್ರೆ ಪಟ್ಟಣದ ತೊಂದ್ರೆ ಏನಪ್ಪ ಅಂದ್ರೆ ನಮ್ಮ ಕಡೆ ‘ಪಟ್ಣಕ್ಕೆ ಹೋಗಿದ್ದೆ’ ಅಂದ್ರೆ ಶ್ರೀರಂಗಪಟ್ಣಕ್ಕೆ ಅಂತಲೇ ಅರ್ಥ, ಅಸ್ಥಿ ಬಿಡೋಕೆ ಹೋಗಿದ್ರಾ ಅಂತ ಕೇಳ್ತಾರೆ. ಅದೂ ಅಲ್ದೆ ಮಚಲಿಪಟ್ಟಣ, ವಿಶಾಖಪಟ್ಟಣ, ನಾಗಪಟ್ಟಣ ಎಲ್ಲ ಸಮುದ್ರದ ದಡದವು, ಪಟ್ಟಣಕ್ಕೆ ಬಂದರು ಅನ್ನೋ ಅರ್ಥಾನೂ ಇದೆ. ಸಮುದ್ರವೇ ಕಾಣದ ಭೂತಾನಕ್ಕೆ ಯಾಕೋ ಮನಸ್ಸು ಬರ್ಲಿಲ್ಲ.

ಆಮೇಲೆ ಅವರ ಭಾಷೇಲಿ ಏನಂತಾರೆ ನೋಡೋಣ ಅಂತ ಹುಡುಕ್ದೆ. ಭೂತಾನದ ಅಧಿಕೃತ ಭಾಷೆ ಜೊಂಗ್ಖಾ. ಅದ್ರಲ್ಲಿ ಜೊಂಗ್ ಅಂದ್ರೆ ಕೋಟೆ, ಖಾ ಅಂದ್ರೆ ಮಾತು, ಕೋಟೆ ಮಾತು ಅಂತ. ಜಿಲ್ಲೆಗೆ ಜೊಂಗ್ಖಾಗ್ ಅಂತಾರೆ, ಇಪ್ಪತ್ತು ಜಿಲ್ಲೆ ಇವೆ. ಇನ್ನು ಸಿಟಿ ಮುನಿಸಿಪಾಲಿಟಿಗೆ ಅವ್ರು ಅನ್ನೋದು ‘ಥ್ರೋಮ್ಡೆ’. ದೊಡ್ಡ ದರ್ಜೆಯ ಥ್ರೋಮ್ಡೆಗಳು ನಾಕೇ: ಥಿಂಫು, ಫುಂಟ್‌ಶೋಲಿಂಗ್, ಗೆಲೆಫು, ಸಮ್‌ದ್ರುಪ್ ಜೊಂಗ್‌ಖಾರ್. ಪಾರೋ ಇದ್ರಲ್ಲಿ ಇಲ್ಲ, ಗಮನಿಸಿ, ಜನ ಗೆಲೆಫುಗಿಂತ ಜಾಸ್ತಿ ಇದ್ರೂ ಇಲ್ಲ. ಥಿಂಫು ಒಂದು ಬಿಟ್ರೆ ಉಳಿದ ಮೂರೂ ನಮ್ಮ ದೇಶದ ಗಡಿಗೆ ಅಂಟ್ಕೊಂಡಿರೋ ಊರು, ಲಾರಿ ಬಂದು ಸಾಮಾನು ಇಳಿಸೋ ಜಾಗ. ಫುಂಟ್‌ಶೋಲಿಂಗ್‌ನಲ್ಲಿ ಒಂದು ಗೇಟು, ಗೇಟಿನ ಈಚೆಗೆ ನಮ್ಮ ಪಶ್ಚಿಮ ಬಂಗಾಳದ ಜೈಗಾಂವ್, ಆಚೆಗೆ ಅವರ ಎರಡನೇ ದೊಡ್ಡ ಊರು.

ಈಗ ಮಜಾ ಕೇಳಿ. ಆ ಥ್ರೋಮ್ಡೆಯಲ್ಲಿರೋ ‘ಥ್ರೋಮ್’ ಟಿಬೆಟನ್ ಕಡೆಯಿಂದ ಬಂದ ಪದ, ಅದರ ಅರ್ಥ ಸಂತೆ, ಮಾರ್ಕೆಟ್ಟು, ಜನ ಸೇರೋ ಜಾಗ. ಅಂದ್ರೆ ನಮ್ಮ ‘ಪೇಟೆ’! ಅವ್ರಿಗೆ ಜೊಂಗ್ ಒಂದು ಕಡೆ ಥ್ರೋಮ್ ಒಂದು ಕಡೆ, ನಮಗೆ ಕೋಟೆ ಒಂದು ಕಡೆ ಪೇಟೆ ಒಂದು ಕಡೆ. ಬೆಂಗ್ಳೂರಲ್ಲಿ ಕೋಟೆ ಬಿಟ್ಟು ಈಚೆ ಬಂದ್ರೆ ಚಿಕ್ಕಪೇಟೆ, ಬಳೇಪೇಟೆ, ಮೈಸೂರಲ್ಲಿ ಅರಮನೆ ಕೋಟೆಯಿಂದ ಸ್ವಲ್ಪ ದೂರಕ್ಕೆ ಸಂತೇಪೇಟೆ. ರಾಜ ಅಧಿಕಾರಿ ಕೋಟೆ ಒಳಗೆ, ಕೊಡೋರು ತಗೊಳೋರು ಪೇಟೇಲಿ. ಇದು ಓದಿದ ರಾತ್ರಿ ನಂಗೆ ನಿದ್ದೇನೇ ಬರ್ಲಿಲ್ಲ ಅಂದ್ರೆ ನಂಬ್ತೀರೋ ಇಲ್ವೋ. ತಲೆ ಎಣಿಸಿ ಆಗೋದು ನಗರ, ಅಂಗಡಿ ಬಾಗಿಲು ತೆಗೆದು ಆಗೋದು ಪೇಟೆ. ಹತ್ತು ಸಾವಿರ ಜನ ಇಲ್ದಿದ್ರೂ ಸುತ್ತ ಹತ್ತು ಕಣಿವೆಯೋರು ಉಪ್ಪು ಎಣ್ಣೆ ಬಟ್ಟೆಗೆ ಅಲ್ಲಿಗೇ ಬರ್ತಾರೆ ಅಂದ್ರೆ ಅದು ಪೇಟೇನೇ. ನಮ್ಮಜ್ಜಿ ತಲೆ ಮೇಲೆ ಸೊಪ್ಪಿನ ಕುಕ್ಕೆ ಇಟ್ಕೊಂಡು ‘ಪ್ಯಾಟೇಗ್ ವೋಗ್ಬುಟ್ ಬತ್ತೀನಿ ಕಣ್ಲಾ’ ಅಂತಿದ್ದಾಗ ಮಂಡ್ಯದ ಜನಸಂಖ್ಯೆ ಎಷ್ಟು ಅಂತ ಅವ್ರಿಗೇನು ಗೊತ್ತಿತ್ತು, ಸೊಪ್ಪು ಮಾರೋದು ಅಲ್ಲಿ ಅಂತ ಗೊತ್ತಿತ್ತು ಅಷ್ಟೇ.

ಹಂಗಾಗಿ ನಾನು ಪ್ರೂಫಲ್ಲಿ ‘ಭೂತಾನದ ದೊಡ್ಡ ಪೇಟೆಗಳು ಯಾವುವು?’ ಅಂತ ತಿದ್ದಿ ಮೇಷ್ಟ್ರಿಗೆ ತೋರ್ಸಿದೆ. ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿ ‘ಏನಯ್ಯಾ ಇದು, ರಾಜಧಾನೀನ ಪೇಟೆ ಅಂತೀಯ, ಮಕ್ಕಳು ಪೇಟೆ ಬೀದಿ ಅಂದ್ಕೋತವೆ, ಅಂಗಡಿ ಸಾಲು ಅಂತ’ ಅಂದ್ರು. ಅವರು ಹೇಳೋದ್ರಲ್ಲೂ ಹುರುಳಿದೆ, ಮಂಡ್ಯದ ಹುಡುಗ್ರಿಗೆ ಪೇಟೆ ಅಂದ ತಕ್ಷಣ ಪೇಟೆ ಬೀದೀನೇ ಕಣ್ಮುಂದೆ ಬರೋದು. ಮೇಲಾಗಿ ‘ಪೇಟೆ ಹುಡುಗ’, ‘ಪೇಟೆ ಬುದ್ಧಿ’ ಅಂದಾಗ ಒಂಚೂರು ಕೊಂಕು ಬೇರೆ ಇರುತ್ತೆ, ನಗರದಿಂದ ‘ನಾಗರಿಕ’ ಹುಟ್ಟಿದ ಹಾಗೆ ಪೇಟೆಯಿಂದ ಮರ್ಯಾದೆಯ ಪದ ಯಾವುದೂ ಹುಟ್ಟಲಿಲ್ಲ.

ಇದರ ಜೊತೆ ಇನ್ನೊಂದು ಸಣ್ಣ ಅನುಮಾನ. ಆ ಪುಟದ ತಲೆಬರಹ ‘ಭೂತಾನದ ನಗರಗಳು ನಿಮಗೆ ಗೊತ್ತೇ?’ ಅಂತ. ಊರು ಗೊತ್ತು ಅನ್ನೋದೂ ಊರ ಹೆಸರು ಗೊತ್ತು ಅನ್ನೋದೂ ಒಂದೇನಾ? ನಮ್ಮ ಕಡೆ ‘ನಂಗೆ ಕೊಳ್ಳೇಗಾಲ ಗೊತ್ತು’ ಅಂದ್ರೆ ಹೋಗಿದೀನಿ, ಬಸ್ ಎಲ್ಲಿ ನಿಲ್ಲುತ್ತೆ ಗೊತ್ತು ಅಂತ. ಗೊತ್ತಿಲ್ದಿದ್ರೆ ‘ಕಾಣೆ ಕಣಪ್ಪ’ ಅಂತಾರೆ, ಕಂಡಿಲ್ಲ ಅನ್ನೋದೇ ತಿಳಿದಿಲ್ಲ ಅಂತ ಆಗಿದೆ. ಆ ಲೆಕ್ಕದಲ್ಲಿ ಪುಸ್ತಕ ಬರೆದ ಮೇಷ್ಟ್ರಿಗೂ ಟೈಪ್ ಮಾಡಿದ ನನಗೂ ಥಿಂಫು ‘ಕಾಣೆ’. ‘ಹೆಸರು ಹೇಳಿ’ ಅಂತ ಇಟ್ರೆ ಸಾಕಲ್ವಾ ಅಂತ ನನ್ನ ಅನಿಸಿಕೆ.

ಥಿಂಫು ಅಂತ ಬರೆದಾಗ ನೆನಪಾಯ್ತು, ಈ ‘ಫು’ ಕೂಡ ಒಂದು ತಲೆನೋವು. ಅಲ್ಲಿನೋರು ಅನ್ನೋದು ‘ಫಲ’ದಲ್ಲಿರೋ ಫಕಾರ, ಪ-ಗೆ ಸ್ವಲ್ಪ ಉಸಿರು ಹಾಕಿದ್ದು. ಕನ್ನಡದಲ್ಲಿ ಬರೆದದ್ದು ಅಚ್ಚುಕಟ್ಟಾಗೇ ಇದೆ, ಆದ್ರೆ ಫೋನು ಫ್ಯಾನು ಕಾಫಿ ಬಂದಮೇಲೆ ನಾವು ಆ ಅಕ್ಷರ ಓದೋದೇ ಬೇರೆ ಥರ, ಹಲ್ಲು ತುಟಿಗೆ ತಾಗಿಸ್ಕೊಂಡು. ಪುಣ್ಯಾತ್ಮರು ಯಾರೋ ‘ತಿಂಪು’ ಅಂತ ಬರೆದದ್ದೂ ನೋಡಿದೀನಿ, ಉಚ್ಚಾರಣೆಗೆ ಅದೇ ಹತ್ರ ಅನ್ಸುತ್ತೆ ಒಂದೊಂದ್ಸಲ.

ಈಗ ನಿಮ್ಮನ್ನ ಕೇಳೋದು ಇಷ್ಟು. ಪೇಟೆ ಅನ್ನೋದನ್ನ ಇಡೀ ಊರಿಗೆ, ಅದೂ ಒಂದು ದೇಶದ ರಾಜಧಾನಿಗೆ, ಬಳಸಿದ್ದು ಹಳೇ ಕನ್ನಡ ಬರಹದಲ್ಲಿ ಎಲ್ಲಾದ್ರೂ ಕಂಡಿದೀರಾ? ಕರಾವಳಿ ಕಡೆಯೋರು, ಧಾರವಾಡ ಕಡೆಯೋರು ಮಾತಲ್ಲಿ ಏನಂತೀರಿ, ‘ಶಹರ’ ಇನ್ನೂ ಓಡುತ್ತಾ ಅಥವಾ ಸಿಟೀನೇ ಗೆದ್ದಾಯ್ತಾ? ‘ಅತಿ ದೊಡ್ಡ’ಕ್ಕೆ ಬದಲು ಮಕ್ಕಳ ಪುಸ್ತಕದಲ್ಲಿ ಇಡಬಹುದಾದ್ದು ಬೇರೆ ಏನಾದ್ರೂ ಹೊಳೆಯುತ್ತಾ? ಮೇಷ್ಟ್ರು ಸದ್ಯಕ್ಕೆ ‘ದೊಡ್ಡ ಊರುಗಳು’ ಅಂತ ಹಾಕಪ್ಪ ಅಂತ ಒಪ್ಕೊಂಡಿದಾರೆ, ಆದ್ರೆ ಮಳವಳ್ಳಿ ಹುಡುಗ ಒಪ್ತಿಲ್ಲ, ದೊಡ್ಡ ಊರು ಅಂದ್ರೆ ಕನಿಷ್ಠ ನಮ್ಮೂರಷ್ಟಾದ್ರೂ ಇರ್ಬೇಕಣ್ಣ ಅಂತಾನೆ. ಗುರುವಾರ ಸಂಜೆ ಅಚ್ಚಿನ ಪ್ಲೇಟ್ ಮಾಡೋಕೆ ಕಳಿಸ್ಬೇಕು, ಅಷ್ಟ್ರೊಳಗೆ ಯಾರಾದ್ರೂ ಹೇಳಿದ್ರೆ ತಿದ್ದೋಕೆ ಟೈಮಿದೆ.