ಉಪ್ಪು ನೆಲವೆಂದರೆ ಸತ್ತ ನೆಲವೇ? ಅಘನಾಶಿನಿ ಅಳಿವೆ ಮತ್ತು ನಮ್ಮ ಸವಳು ಹೊಲಗಳ ಕುರಿತು ಒಂದು ಚರ್ಚೆ

ಕಲಬುರಗಿ ಮಾಸ್ತರ:
ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಗೋಕರ್ಣ, ಕುಮಟಾ ಕಡೆಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ತದಡಿಯ ಹತ್ತಿರ ಬಸ್ಸು ನಿಂತಾಗ ಇಳಿತದ ಹೊತ್ತು. ನೀರೆಲ್ಲ ಹಿಂದೆ ಸರಿದು, ಕಣ್ಣು ಹಾಯುವವರೆಗೂ ಬೂದುಬಣ್ಣದ ಕೆಸರು ಬಿಸಿಲಿಗೆ ಮಿನುಗುತ್ತಿತ್ತು. ಮೊದಲು ಇಳಿದ ಹುಡುಗ, "ಸರ್, ಇದು ನಮ್ಮೂರ ಸವಳು ಹೊಲದ್ಹಾಂಗ ಅದ" ಎಂದ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ದಂಡೆಯ ಮೇಲೆ ಸದ್ದು ಮಾಡದೆ ಅರ್ಧ ಗಂಟೆ ಕುಳಿತ ಮೇಲೆ ಆ ಕೆಸರಿನ ತುಂಬ ಬಿಲಗಳಿರುವುದು ಕಾಣಿಸಿತು. ಒಂದೊಂದು ಬಿಲದಿಂದಲೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಏಡಿ ಹೊರಬಂದು, ತನ್ನ ಮೈಗೆ ಮೀರಿದ ಒಂದೇ ಒಂದು ದೊಡ್ಡ ಕೊಂಡಿಯನ್ನು ಮೇಲೆತ್ತಿ ಇಳಿಸಿ, ಯಾರನ್ನೋ ಕರೆಯುವಂತೆ ಬೀಸತೊಡಗಿತು. ಪಿಟೀಲು ಏಡಿ ಎಂದು ಕರೆಯುವುದು ಇದನ್ನೇ. ಆ ದೊಡ್ಡ ಕೊಂಡಿ ಗಂಡಿಗೆ ಮಾತ್ರ ಇರುತ್ತದೆ, ಹೆಣ್ಣನ್ನು ಕರೆಯಲು ಮತ್ತು ಎದುರಾಳಿಯನ್ನು ಬೆದರಿಸಲು ಅದನ್ನು ಬಳಸುತ್ತದೆ. ಇನ್ನೊಂದು ಸಣ್ಣ ಕೊಂಡಿಯಿಂದ ಕೆಸರನ್ನು ಬಾಯಿಗಿಟ್ಟು, ಅದರಲ್ಲಿನ ಪಾಚಿಯನ್ನು ತಿಂದು, ಉಳಿದದ್ದನ್ನು ಜೋಳದ ಕಾಳಿನಂಥ ಉಂಡೆ ಮಾಡಿ ಬಿಡುತ್ತದೆ. ಬಿಲದ ಸುತ್ತ ಅಂಥ ನೂರಾರು ಉಂಡೆಗಳು ಬಿದ್ದಿದ್ದವು.

ನನ್ನ ವಾದ ಇಷ್ಟೇ. ಸವಳು, ಚೌಳು, ಪಾಳು ಎಂಬ ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆ ಅಭ್ಯಾಸದಿಂದಲೇ ಕರಾವಳಿಯ ಉಪ್ಪುಜೌಗನ್ನೂ ಪಾಳು ಎಂದು ಮಕ್ಕಳು ತಿಳಿಯುತ್ತಾರೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇಲ್ಲಿನ ಮಕ್ಕಳಿಗೂ ಅದರ ಬೆಲೆ ತಿಳಿಯಬೇಕು.

ಶಹಾಪುರದ ರೈತ:
ಮಾಸ್ತರರೇ, ನಿಮ್ಮ ಬಗ್ಗೆ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪಲಾರೆ. ನನ್ನ ನಾಲ್ಕು ಎಕರೆ ಎರೆ ಹೊಲದಲ್ಲಿ ಅಪ್ಪನ ಕಾಲಕ್ಕೆ ತೊಗರಿ, ಜೋಳ ಬೆಳೆಯುತ್ತಿದ್ದೆವು. ಕಾಲುವೆ ನೀರು ಬಂದ ಮೇಲೆ ವರ್ಷಕ್ಕೆ ಎರಡು ಸಲ ಭತ್ತ ಹಚ್ಚಿದೆವು. ಹದಿನೈದು ವರ್ಷವೂ ತುಂಬಲಿಲ್ಲ, ತಗ್ಗಿನಲ್ಲಿರುವ ಎರಡು ಎಕರೆ ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅಲ್ಲಿ ತೊಗರಿ ಬಿತ್ತಿದರೆ ಮೊಳಕೆಯೇ ಮೇಲೆ ಬರುವುದಿಲ್ಲ. ಉಪ್ಪು ನೆಲವನ್ನು ಕೊಲ್ಲುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಏಡಿ ಕಂಡಿತು, ಹಕ್ಕಿ ಕಂಡಿತು ಎಂದು ಉಪ್ಪು ನೆಲವನ್ನು ಹೊಗಳುವಾಗ, ಅದೇ ಉಪ್ಪಿನಿಂದ ಮನೆ ಮುರಿದುಕೊಂಡವರು ಈ ಜಿಲ್ಲೆಯಲ್ಲಿದ್ದಾರೆ ಎಂಬುದು ನೆನಪಿರಲಿ.

ಬೀದರಿನ ಉಪನ್ಯಾಸಕಿ:
ಅಣ್ಣಾವರೇ, ನಿಮ್ಮ ಹೊಲದ ಕಥೆಯನ್ನು ಪಕ್ಕಕ್ಕಿಟ್ಟು ಈ ಚರ್ಚೆ ಮಾಡಲಾಗದು. ಆದರೆ ಕೊಂದದ್ದು ಉಪ್ಪು ಎನ್ನುವುದಕ್ಕಿಂತ, ಉಪ್ಪಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದದ್ದು ಎನ್ನುವುದು ಸರಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಾಲುವೆಯ ನೀರಿನಲ್ಲಿ ಇರುವುದು ಅದರ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಆದರೂ ಸತ್ತದ್ದು ನಿಮ್ಮ ಹೊಲ, ಉಳಿದದ್ದು ಅಳಿವೆ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚಿರುವುದರಿಂದ ನೀರು ಕೆಳಗೆ ಬಸಿಯುವುದು ನಿಧಾನ. ವರ್ಷಪೂರ್ತಿ ನೀರು ನಿಲ್ಲಿಸಿದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಮಾತ್ರ ಮೇಲ್ಪದರದಲ್ಲಿ ವರ್ಷ ವರ್ಷವೂ ಕೂಡುತ್ತಾ ಹೋಗುತ್ತದೆ. ಅಳಿವೆಯಲ್ಲಿ ಹಾಗಾಗುವುದಿಲ್ಲ. ದಿನಕ್ಕೆರಡು ಬಾರಿ ಬರುವ ಉಬ್ಬರ ಎಷ್ಟು ಉಪ್ಪು ತರುತ್ತದೋ, ಇಳಿತ ಹೆಚ್ಚುಕಡಿಮೆ ಅಷ್ಟನ್ನೂ ತೊಳೆದು ಒಯ್ಯುತ್ತದೆ. ಮಳೆಗಾಲದಲ್ಲಂತೂ ಘಟ್ಟದಿಂದ ಇಳಿಯುವ ಸಿಹಿನೀರು ಇಡೀ ಅಳಿವೆಯನ್ನೇ ತೊಳೆಯುತ್ತದೆ.

ಮಾಸ್ತರರಿಗೂ ಒಂದು ತಿದ್ದುಪಡಿ ಹೇಳಬೇಕು. ನೀವು ತದಡಿಯಲ್ಲಿ ಕಂಡದ್ದು ಬಹುಪಾಲು ಕೆಸರುಬಯಲು ಮತ್ತು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಮರಗಳ ಕಾಡು. ಹುಲ್ಲು ಮತ್ತು ದಪ್ಪ ಎಲೆಯ ಕಿರುಗಿಡಗಳೇ ತುಂಬಿರುವ ಉಪ್ಪುಜೌಗು ನಮ್ಮ ದೇಶದಲ್ಲಿ ಹೆಚ್ಚಾಗಿ ಇರುವುದು ಗುಜರಾತಿನ ಕರಾವಳಿಯಲ್ಲಿ; ತಮಿಳುನಾಡಿನ ವೇದಾರಣ್ಯದ ಸುತ್ತಲೂ ಇದೆ. ಚಳಿ ದೇಶಗಳಲ್ಲಿ ಉಪ್ಪುಜೌಗಿನ ಹುಲ್ಲು ಹಿಡಿಯುವ ಜಾಗವನ್ನು ನಮ್ಮ ಬಿಸಿ ಕರಾವಳಿಯಲ್ಲಿ ಕಾಂಡ್ಲಾ ಹಿಡಿದಿದೆ. ಇವೆರಡೂ ಅಕ್ಕಪಕ್ಕದ ನೆರೆಹೊರೆ ಎನ್ನಬಹುದು, ಒಂದೇ ಮನೆಯಲ್ಲ.

ಕಲಬುರಗಿ ಮಾಸ್ತರ:
ತಿದ್ದಿದ್ದಕ್ಕೆ ಉಪಕಾರವಾಯಿತು, ಅಕ್ಕ. ಹಾಗಾದರೆ ಕಾಂಡ್ಲಾ ಎಲೆಯ ಬೆನ್ನು ಉಪ್ಪುಪ್ಪಾಗಿತ್ತಲ್ಲ, ಅದಕ್ಕೆ ಕಾರಣವೇನು? ನಮ್ಮ ಹುಡುಗಿಯೊಬ್ಬಳು ಎಲೆ ಕಿತ್ತು ನಾಲಿಗೆಗೆ ಹಚ್ಚಿ ನೋಡಿ, ಉಳಿದವರಿಗೆಲ್ಲ ನೆಕ್ಕಿಸಿದಳು.

ಬೀದರಿನ ಉಪನ್ಯಾಸಕಿ:
ಆ ಜಾಣೆ ನೋಡಿದ್ದು ಅವಿಸೀನಿಯಾ ಜಾತಿಯ ಕಾಂಡ್ಲಾ ಇರಬೇಕು. ಅದರ ಬೇರು ಬಹುಪಾಲು ಉಪ್ಪನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ನುಸುಳಿ ಬಂದದ್ದನ್ನು ಎಲೆಯಲ್ಲಿರುವ ಗ್ರಂಥಿಗಳು ಹೊರಹಾಕುತ್ತವೆ. ಬೆಳಗಿನ ಬಿಸಿಲಿಗೆ ಆ ಹನಿ ಆರಿದಾಗ ಎಲೆಯ ಮೇಲೆ ಹರಳು ಉಳಿಯುತ್ತದೆ. ಗುಜರಾತಿನ ಉಪ್ಪುಜೌಗಿನಲ್ಲಿ ಬೆಳೆಯುವ ಸುವೇಡಾ ಬೇರೆ ದಾರಿ ಹಿಡಿದಿದೆ. ಅದು ಉಪ್ಪನ್ನು ಎಲೆಯೊಳಗಿನ ಕೋಶಗಳ ಚೀಲದಲ್ಲಿ ಕೂಡಿಟ್ಟು, ನೀರು ತುಂಬಿಕೊಂಡು ಗೋಣಿ ಸೊಪ್ಪಿನ ಹಾಗೆ ದಪ್ಪಗಾಗುತ್ತದೆ.

ಕುಮಟಾ ಮೂಲ, ಯಾದಗಿರಿ ವಾಸಿ:
ನಾನು ಅಘನಾಶಿನಿಯ ದಂಡೆಯಲ್ಲೇ ಹುಟ್ಟಿದವನು, ನೌಕರಿಯ ಕಾರಣಕ್ಕೆ ಹನ್ನೊಂದು ವರ್ಷದಿಂದ ಯಾದಗಿರಿಯಲ್ಲಿದ್ದೇನೆ. ನೀವೆಲ್ಲರೂ ಹಕ್ಕಿ, ಗಿಡ, ಮಣ್ಣು ಎನ್ನುತ್ತಿದ್ದೀರಿ. ಅಲ್ಲಿ ಜನರಿದ್ದಾರೆ ಎಂಬ ಮಾತು ಇನ್ನೂ ಬರಲಿಲ್ಲ. ನನ್ನ ಅವ್ವ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿದು, ಕಾಲಿನಿಂದಲೇ ಕೆಸರನ್ನು ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಿದ್ದಳು. ಪಾದಕ್ಕೆ ಚಿಪ್ಪು ತಾಗಿದೊಡನೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕುವಳು, ಕಣ್ಣಿನಿಂದ ನೋಡುವ ಅಗತ್ಯವೇ ಇರಲಿಲ್ಲ. ನಮ್ಮ ನಾಲ್ವರ ಶಾಲೆಯ ಖರ್ಚು ಆ ಬುಟ್ಟಿಯಿಂದ ನಡೆಯಿತು. ಅಣ್ಣಾವರು ಉಪ್ಪಿನಲ್ಲಿ ಬೆಳೆ ಬರುವುದಿಲ್ಲ ಎಂದರು. ಅಳಿವೆಯ ದಂಡೆಯಲ್ಲಿ ಒಡ್ಡು ಕಟ್ಟಿ ಮಾಡಿದ ನಮ್ಮ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ನಾಲ್ಕು ತಿಂಗಳಲ್ಲೇ ಅದು ಬೆಳೆದು ಮುಗಿಯಬೇಕು. ನಡುವೆ ಉಪ್ಪುನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ತಾಳಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ಹಲಗೆಬಾಗಿಲು ತೆರೆದು ಉಬ್ಬರದ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಪಕ್ಕದ ಸಾಣಿಕಟ್ಟೆಯಲ್ಲಿ ಅದೇ ನೀರಿನಿಂದ ಉಪ್ಪು ಮಾಡುತ್ತಾರೆ.

ಆದ್ದರಿಂದ ಮಾಸ್ತರರೇ, ಅದನ್ನು ಕೇವಲ ನೋಡಿ ಬರುವ ಜಾಗವೆಂದು ಮಕ್ಕಳಿಗೆ ಹೇಳಬೇಡಿರಿ. ಕಗ್ಗ ಬೆಳೆಯುವವರು ಇಂದು ಬೆರಳೆಣಿಕೆಯಷ್ಟಾಗಿದ್ದಾರೆ, ಅನೇಕ ಗಜನಿಗಳು ಸಿಗಡಿ ಕೊಳಗಳಾದವು, ಒಡ್ಡು ಕಾಯುವವರಿಲ್ಲದೆ ಕೆಲವು ಹಾಳಾದವು. ನನಗೆ ಹಕ್ಕಿಗಿಂತ ಹೆಚ್ಚು ಚಿಂತೆ ಇರುವುದು ಇದರದ್ದು.

ಸುರಪುರದ ಹಕ್ಕಿಪ್ರೇಮಿ:
ಹಕ್ಕಿಯನ್ನೂ ಅನ್ನವನ್ನೂ ಬೇರೆ ಮಾಡುವುದು ಬೇಡ ಎಂದು ನನ್ನ ವಿನಂತಿ. ನಮ್ಮ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು, ರೈತರ ಹೊಲಗಳಲ್ಲೇ ಮೇಯುತ್ತವೆ. ಅಲ್ಲಿ ನಾನು ಕಾಣುವ ಮೆಟ್ಟುಗಾಲು ಹಕ್ಕಿ ಮತ್ತು ಸಣ್ಣ ಗೊರವಗಳು ಅಳಿವೆಯ ಕೆಸರಿನಲ್ಲೂ ಸಿಗುತ್ತವೆ. ಅವುಗಳಿಗೆ ಬೇಕಾದದ್ದು ಕೊಕ್ಕು ಇಳಿಯುವಷ್ಟು ಮೆತ್ತನೆಯ ಕೆಸರು ಮತ್ತು ಅದರೊಳಗಿನ ಹುಳ. ವ್ಯತ್ಯಾಸವಿರುವುದು ಕಾನೂನಿನಲ್ಲಿ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಉಪ್ಪುಜೌಗು ಮತ್ತು ಕಾಂಡ್ಲಾವನ್ನು ಅತ್ಯಂತ ಬಿಗಿಯಾದ ವರ್ಗದಲ್ಲಿ ಇರಿಸಿದೆ. ಒಳನಾಡಿನ ನಮ್ಮ ಕೆರೆಗಳಿಗೆ ಅಂಥ ಬಿಗಿ ಇಲ್ಲ. ಪಾಳು ಎಂಬ ಹೆಸರು ಒಮ್ಮೆ ಬಿದ್ದರೆ ಕೆರೆಯಂಗಳಕ್ಕೆ ಮಣ್ಣು ತುಂಬಲು ಟ್ರ್ಯಾಕ್ಟರ್ ಬರುವುದು ತಡವಾಗುವುದಿಲ್ಲ. ಆ ಮಟ್ಟಿಗೆ ಮಾಸ್ತರರ ಮಾತು ನೂರಕ್ಕೆ ನೂರು ಸರಿ.

ಶಹಾಪುರದ ರೈತ:
ಗಜನಿಯ ಮಾತು ಕೇಳಿ ಮನಸ್ಸಿಗೆ ತಟ್ಟಿತು, ಏಕೆಂದರೆ ಒಡ್ಡು ಕಾಯುವ ಕಷ್ಟ ನನಗೂ ಗೊತ್ತು. ಅಕ್ಕಾವರಿಗೆ ಒಂದು ಪ್ರಶ್ನೆ. ಆ ಕಗ್ಗವನ್ನೋ ಉಪ್ಪು ತಿನ್ನುವ ಆ ಗಿಡಗಳನ್ನೋ ತಂದು ನನ್ನ ಎರಡು ಎಕರೆಯಲ್ಲಿ ಹಚ್ಚಬಹುದೇ?

ಬೀದರಿನ ಉಪನ್ಯಾಸಕಿ:
ದಯವಿಟ್ಟು ಆತುರ ಬೇಡ. ಕಗ್ಗ ಆ ನೀರಿನ ಏರಿಳಿತಕ್ಕೆ ಒಗ್ಗಿದ ತಳಿ, ಹೊರಗಿನ ಗಿಡದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ಉಪ್ಪು ಹರಡದಿರಲೆಂದು 1961ರಲ್ಲಿ ಬಳ್ಳಾರಿ ಜಾಲಿ ನೆಟ್ಟರು. ಇಂದು ಅದು ಹುಲ್ಲುಗಾವಲಿನ ದೊಡ್ಡ ಭಾಗವನ್ನೇ ನುಂಗಿದೆ. ನಿಮ್ಮ ಹೊಲಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ. ಮಣ್ಣು ಪರೀಕ್ಷೆ ಮಾಡಿಸಿ, ಸೋಡಿಯಂ ಹೆಚ್ಚಿದೆ ಎಂದು ಬಂದರೆ ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡಿಸಿಕೊಂಡ ಸೋಡಿಯಂ ನೀರಿನೊಡನೆ ಬಸಿದು ಹೊರಹೋಗಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ದುಡ್ಡು ದಂಡ. ಆಮೇಲೆ ಹಸಿರೆಲೆ ಗೊಬ್ಬರದ ಗಿಡವಾದ ಡಯಂಚ ಬಿತ್ತಿ, ಹೂವಾಗುವ ಮೊದಲೇ ಮಣ್ಣಿಗೆ ಮುಗುಚಿರಿ.

ಶಹಾಪುರದ ರೈತ:
ಬಸಿಗಾಲುವೆ ತೋಡಬೇಕಾದರೆ ನನ್ನ ಕೆಳಗಿನ ಹೊಲದವರೂ ಒಪ್ಪಬೇಕು, ನೀರು ಹರಿಯುವುದು ಅವರ ಬದುವಿನ ಮೇಲೆಯೇ. ಬೇಸಿಗೆಯೊಳಗೆ ಇಬ್ಬರೂ ಕೂಡಿ ಮಾತಾಡುತ್ತೇವೆ. ಮಾಸ್ತರರೇ, ಉಪ್ಪಿನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಆ ಅಳಿವೆಯನ್ನು ಒಮ್ಮೆ ನೋಡಬೇಕು ಅನ್ನಿಸಿದೆ. ಯಾವಾಗ ಹೋದರೆ ಕೆಸರು ಚೆನ್ನಾಗಿ ಕಾಣುತ್ತದೆ?

ಕುಮಟಾ ಮೂಲ, ಯಾದಗಿರಿ ವಾಸಿ:
ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಬನ್ನಿರಿ. ಆಗ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು, ನೀರು ಬಹಳ ದೂರ ಸರಿದಿರುತ್ತದೆ. ಬಳಚು ಆರಿಸುವವರ ಜೊತೆಗೇ ಇಳಿಯಿರಿ, ಒಬ್ಬರೇ ಬೇಡ, ಎಲ್ಲಿ ಕಾಲಿಡಬಹುದು ಎಂಬುದು ಅವರಿಗೆ ಮಾತ್ರ ಗೊತ್ತು. ನಮ್ಮ ಮನೆಯಲ್ಲೇ ಇಳಿದುಕೊಳ್ಳಬಹುದು, ಅವ್ವನಿಗೆ ಮೊದಲೇ ಹೇಳಿರುತ್ತೇನೆ.