ಅಪ್‌ಡೇಟ್: ವೈನರಿಗೆ ಹೋಗಿ ಬಂದೆವು, ಒಗರಿನ ಗುಟ್ಟು ಸಿಕ್ಕಿತು

ಕೆಂಪು ವೈನ್ ಬಾಯಿಗಿಟ್ಟರೆ ನಾಲಿಗೆ ಒಣಗಿದ ಹಾಗಾಗುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದ ಶಿರಸಿಯವನು ನಾನೇ. ಭಾನುವಾರ ಒಂದು ಸಣ್ಣ ವೈನರಿಗೆ ಹೋಗಿ ಬಂದೆವು.

ತಣ್ಣಗೆ ಮಾಡಿ ಕುಡಿಯುವ ಸಲಹೆ ಕೈಕೊಟ್ಟಿತು, ಒಗರು ಇನ್ನೂ ಜಾಸ್ತಿಯಾಯಿತು. ನಡುನಡುವೆ ಚೀಸ್ ತಿನ್ನಿ ಅಂದವರಿಗೆ ನಮಸ್ಕಾರ, ಕೆಲಸ ಮಾಡಿದ್ದು ಅದೇ. ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ ಅನ್ನೋ ಅಂಶವೇ ಒಗರಿಗೆ ಕಾರಣ. ನಮ್ಮ ಅಡಿಕೆ ಚೊಗರಿನಲ್ಲಿರುವುದೂ ಅದೇ ಅಲ್ವಾ! ದಿನಾ ಕವಳ ಹಾಕುವವನಿಗೆ ಹೊಳೆಯಲಿಲ್ಲ ನೋಡಿ.

ಕೊನೆಗೆ ಪೋರ್ಟ್ ಥರದ ಫೋರ್ಟಿಫೈಡ್ ವೈನ್, ಅಂದರೆ ಬ್ರಾಂದಿ ಬೆರೆಸಿದ ಸಿಹಿ ವೈನ್ ಕೊಟ್ಟರು. ರಸ ಹುದುಗುತ್ತಿರುವಾಗಲೇ ಬ್ರಾಂದಿ ಸುರಿಯುತ್ತಾರೆ. ಸಕ್ಕರೆ ತಿನ್ನುವ ಯೀಸ್ಟ್ ಸಾಯುತ್ತದೆ, ಸಿಹಿ ಹಾಗೇ ಉಳಿಯುತ್ತದೆ. ಗ್ಲಾಸ್ ಓರೆ ಮಾಡಿದರೆ ತೆಳು ಜೋನಿಬೆಲ್ಲದ ಹಾಗೆ ನಿಧಾನ ಇಳಿಯಿತು. ಸಿಹಿ ಅಂತ ಸುಮ್ನೆ ಏರಿಸಬೇಡಿ, ಮದ್ಯಾಂಶ ಶೇ. 20ರ ಹತ್ತಿರ, ಮಾಮೂಲಿ ಕೆಂಪಿನದು 13ರ ಆಸುಪಾಸು.

ಕಾರು ಓಡಿಸಿದ್ದು ಭಾವ. ಪಾಪ, ಅವನು ಬರೀ ಚೀಸ್ ತಿಂದ.