ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ಅಪ್ಪನ ಗಾಯದ ರಕ್ತ ಬೇಗ ನಿಲ್ಲಲಿಲ್ಲವೇಕೆ?

ತೋಟದಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಈಗ ಅಡಿಕೆ ಕೊಯ್ಲು ನಡೆದಿದೆ. ಕಳೆದ ವಾರ ಅಪ್ಪ ಅಡಿಕೆ ಸುಲಿಯುತ್ತಿದ್ದಾಗ ಮೆಟ್ಟುಗತ್ತಿ ಹೆಬ್ಬೆರಳಿಗೆ ತಾಗಿತು. ಗಾಯ ಆಳವಾಗಿರಲಿಲ್ಲ, ಇಂಥ ಗಾಯ ಅವರಿಗೆ ಹೊಸದೂ ಅಲ್ಲ. ಆದರೆ ಈ ಬಾರಿ ಬಟ್ಟೆ ಸುತ್ತಿದರೂ ಇಪ್ಪತ್ತೈದು ನಿಮಿಷ ರಕ್ತ ಜಿನುಗುತ್ತಲೇ ಇತ್ತು. ಎರಡು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಅವರು ದಿನವೂ 75 ಮಿಲಿಗ್ರಾಂ ಆಸ್ಪಿರಿನ್ ಸೇವಿಸುತ್ತಿದ್ದಾರೆ. ಗಾಬರಿಯಾಗಿ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 2,30,000 ಇದೆ, ಏನೂ ತೊಂದರೆಯಿಲ್ಲ ಎಂದರು. ರಕ್ತ ನಿಲ್ಲಿಸುವ ಕಣಗಳು ಬೇಕಾದಷ್ಟಿದ್ದೂ ಹೀಗಾದದ್ದು ಏಕೆ? ಸುಲಿಯುವ ಕೆಲಸ ಮುಗಿಯುವವರೆಗೆ ಮಾತ್ರೆ ಬಿಡುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಸೂಕ್ಷ್ಮದರ್ಶಕ, ಕಾರವಾರ:
ಹೃದ್ರೋಗ ತಜ್ಞರನ್ನು ಕೇಳದೆ ಮಾತ್ರೆಯನ್ನು ಒಂದು ದಿನವೂ ಬಿಡಲು ಕೊಡಬೇಡಿ. ಕಾರಣವನ್ನು ಹೇಳುತ್ತೇನೆ, ನಾನು ರಕ್ತ ಪರೀಕ್ಷಾಲಯದಲ್ಲಿ ಕೆಲಸ ಮಾಡುವವನು.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ರಕ್ತನಾಳ ಕತ್ತರಿಸಿದಾಗ ಅದರ ಒಳಪದರದ ಕೆಳಗಿರುವ ಕೊಲಾಜನ್ ನಾರು ತೆರೆದುಕೊಳ್ಳುತ್ತದೆ. ಫಾನ್ ವಿಲ್ಲೆಬ್ರಾಂಡ್ ಅಂಶವೆಂಬ ಪ್ರೋಟೀನು ಆ ನಾರನ್ನು ಕಚ್ಚಿಕೊಂಡು, ರಭಸದಿಂದ ಹರಿದುಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಹಾಗೆ ಸಿಕ್ಕಿಕೊಂಡ ಪ್ಲೇಟ್‌ಲೆಟ್ ತನ್ನ ಬಿಲ್ಲೆಯ ಆಕಾರ ಬಿಟ್ಟು ಮುಳ್ಳುಮುಳ್ಳಾಗುತ್ತದೆ, ಒಳಗೆ ಕೂಡಿಟ್ಟಿದ್ದ ಎಡಿಪಿ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತದೆ, ಥ್ರಾಂಬಾಕ್ಸೇನ್ ಎಂಬ ಇನ್ನೊಂದನ್ನು ಅಲ್ಲಿಯೇ ತಯಾರಿಸಿ ಬಿಡುಗಡೆ ಮಾಡುತ್ತದೆ. ಇವೆರಡರ ಕರೆಗೆ ಓಗೊಟ್ಟು ಬಂದ ಉಳಿದ ಪ್ಲೇಟ್‌ಲೆಟ್‌ಗಳು ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನಿನ ಮೂಲಕ ಒಂದಕ್ಕೊಂದು ಬೆಸೆದುಕೊಂಡಾಗ ಗಾಯಕ್ಕೆ ಮೊದಲ ಬಿರಡೆ ಬೀಳುತ್ತದೆ.

ಆಸ್ಪಿರಿನ್ ತಡೆಯುವುದು ಥ್ರಾಂಬಾಕ್ಸೇನ್ ತಯಾರಿಕೆಯನ್ನು. ಅದಕ್ಕೆ ಬೇಕಾದ ಕಿಣ್ವವನ್ನು ಅದು ಶಾಶ್ವತವಾಗಿ ಕೆಡಿಸುತ್ತದೆ, ಮತ್ತು ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲದ್ದರಿಂದ ಹೊಸ ಕಿಣ್ವವನ್ನು ಅದು ಮತ್ತೆ ಮಾಡಿಕೊಳ್ಳಲಾರದು. ತನ್ನ ಎಂಟು-ಹತ್ತು ದಿನಗಳ ಆಯುಷ್ಯ ಮುಗಿಯುವವರೆಗೂ ಅದು ಕರೆಯಲಾರದ ಕಣವಾಗಿಯೇ ಉಳಿಯುತ್ತದೆ. ನಮ್ಮ ಯಂತ್ರವು ಅವು ಎಷ್ಟಿವೆ ಎಂದು ಎಣಿಸುತ್ತದೆಯೇ ಹೊರತು, ಅಂಟಿಕೊಳ್ಳಬಲ್ಲವೇ ಎಂದು ನೋಡುವುದಿಲ್ಲ. ತಂದೆಯವರ ವರದಿ ಸುಳ್ಳಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ. ಬೆರಳಿನಲ್ಲಿ ನಮಗೆ ಬೇಕಾದ ಇದೇ ಬಿರಡೆ ಸ್ಟೆಂಟಿನೊಳಗೆ ಕಟ್ಟಿಕೊಂಡರೆ ಹೃದಯಾಘಾತವಾಗುತ್ತದೆ. ಅದನ್ನು ತಪ್ಪಿಸಲೆಂದೇ ಈ ಮಾತ್ರೆ.

ಗಜನಿಗದ್ದೆ, ಕುಮಟಾ:
ಮೇಲಿನವರ ಮಾತಿಗೆ ಹಳೆಯ ಸಾಕ್ಷ್ಯವೊಂದಿದೆ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡುವರ್ಡ್ ಗ್ಲಾನ್ಸ್‌ಮನ್ ಅವರು ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ರಕ್ತಸ್ರಾವದಿಂದ ಬಳಲುವ ರೋಗಿಗಳನ್ನು ವಿವರಿಸಿದ್ದರು. ಆ ರೋಗಿಗಳ ಪ್ಲೇಟ್‌ಲೆಟ್‌ಗಳಲ್ಲಿ ಪರಸ್ಪರ ಬೆಸೆದುಕೊಳ್ಳುವ ಕೊಂಡಿಯೇ ದೋಷಯುಕ್ತವೆಂದು ಬಹಳ ಕಾಲದ ಮೇಲೆ ತಿಳಿಯಿತು.

ಗಾಯವನ್ನು ಒತ್ತಿ ಹಿಡಿಯುವ ಬಗೆಯೂ ಮುಖ್ಯ. ಅಘನಾಶಿನಿ ನದಿಯ ದಂಡೆಯಲ್ಲಿ ಗಜನಿಯ (ಉಪ್ಪುನೀರಿನ ತಗ್ಗುಗದ್ದೆಯ) ಕಟ್ಟೆ ಒಡೆದಾಗ ಸುರಿದ ಹಸಿಮಣ್ಣು ಸೆಳವನ್ನು ಒಮ್ಮೆ ತಡೆದರೂ, ಅದು ಗಟ್ಟಿಯಾಗುವ ಮುನ್ನ ಕೈಹಾಕಿದರೆ ನೀರು ಮತ್ತೆ ನುಗ್ಗುವುದನ್ನು ನಮ್ಮ ಕಡೆಯವರು ಬಲ್ಲರು. ಪ್ಲೇಟ್‌ಲೆಟ್ ಬಿರಡೆಯೂ ಅಂಥ ಹಸಿಮಣ್ಣೇ. ಅದರ ಮೈಮೇಲೆಯೇ ಹೆಪ್ಪುಗಟ್ಟಿಸುವ ಪ್ರೋಟೀನುಗಳು ನೆಲೆ ನಿಂತು ಥ್ರಾಂಬಿನ್ ಎಂಬ ಕಿಣ್ವ ಉಂಟಾಗಿ, ಅದರಿಂದ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದ ಮೇಲೆಯೇ ಅದು ಭದ್ರವಾಗುವುದು. ಆದುದರಿಂದ ಶುಭ್ರ ಬಟ್ಟೆಯಿಂದ ಹತ್ತು-ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು; ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡಬಾರದು. ಅರಿಶಿನ, ಕಾಫಿಪುಡಿ ತುಂಬುವುದು ದಯವಿಟ್ಟು ಬೇಡ.

ಕಾಡಂಚು, ಸಿದ್ದಾಪುರ:
ನಮ್ಮ ತಾಲೂಕಿನ ಅನುಭವದಿಂದ ಒಂದು ಮಾತು. ಮಂಗನ ಕಾಯಿಲೆ ಮತ್ತು ಡೆಂಗಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೇ ಕುಸಿಯುತ್ತದೆ. ಉಳಿದ ಕೆಲವನ್ನೂ ಆಸ್ಪಿರಿನ್ ನಿಷ್ಕ್ರಿಯಗೊಳಿಸಿದ್ದರೆ ಅಪಾಯ ಇಮ್ಮಡಿಯಾಗುತ್ತದೆ. ತಂದೆಯವರಿಗೆ ಜ್ವರ ಬಂದರೆ, ಅವರು ಆಸ್ಪಿರಿನ್ ಸೇವಿಸುತ್ತಿದ್ದಾರೆಂದು ವೈದ್ಯರಿಗೆ ಮೊದಲೇ ತಿಳಿಸಿ. ಮೈಕೈ ನೋವಿಗೆಂದು ಬೇರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ.

ತೋಟದಮನೆ, ಶಿರಸಿ:
ಎಲ್ಲರಿಗೂ ಕೃತಜ್ಞತೆಗಳು. ನಾವು ಐದೈದು ನಿಮಿಷಕ್ಕೊಮ್ಮೆ ಬಟ್ಟೆ ಬಿಚ್ಚಿ ನೋಡಿದ್ದೆವು. ಅದೂ ಒಂದು ಕಾರಣವಿರಬೇಕು. ಇಂದು ತಜ್ಞರೊಡನೆ ಫೋನಿನಲ್ಲಿ ಮಾತನಾಡಿದೆ. ಮಾತ್ರೆ ಮುಂದುವರಿಯಲಿ ಎಂದರು. ಅಪ್ಪ ಒಪ್ಪಿದ್ದಾರೆ, ಸುಲಿಯುವುದನ್ನು ನನಗೆ ಬಿಟ್ಟು, ಅಂಗಳದಲ್ಲಿ ಅಡಿಕೆ ಹರವುವ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಸೂಕ್ಷ್ಮದರ್ಶಕ, ಕಾರವಾರ:
ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ, ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ತಡಮಾಡಬೇಡಿ. ಹೋಗುವಾಗ ಅವರ ಮಾತ್ರೆಗಳ ಚೀಟಿ ಜೊತೆಯಲ್ಲಿರಲಿ.